ಆಚೆ ದಡದ ಹೆಜ್ಜೆ

ನಮ್ಮೂರಿನ ದನಗಳ ಹೆಜ್ಜೆ ನಮ್ಮ ಮಣ್ಣಿನಲ್ಲಿ ಮೂಡುವುದಿಲ್ಲ. ಇಲ್ಲಿ ನಡೆದ ಹಸುವಿನ ಗೊರಸಿನ ಗುರುತು ಹೊಳೆಯ ಆಚೆ ದಡದಲ್ಲಿ ಬೀಳುತ್ತದೆ, ಆಚೆ ನಡೆದದ್ದು ಇಲ್ಲಿ. ಎಮ್ಮೆ, ಕುರಿ, ಕತ್ತೆ, ಗೊರಸಿರುವ ಯಾವುದಕ್ಕೂ ಇದೇ ನಿಯಮ. ಎತ್ತಿನ ಗಾಡಿ ಹೋದರೆ ಚಕ್ರದ ಗೀರು ಮಾತ್ರ ನಮ್ಮ ರಸ್ತೆಯಲ್ಲಿ ಉಳಿಯುತ್ತದೆ. ಹೊಳೆಯ ನಡುವೆ ಎರಡು ದೇಶಗಳ ಗಡಿ ಇದೆ. ಗಡಿ ಬಂದದ್ದು ನಮ್ಮ ಅಜ್ಜಂದಿರ ಕಾಲದಲ್ಲಿ, ಹೆಜ್ಜೆಯ ವಿಷಯ ಅದಕ್ಕಿಂತ ಹಳೆಯದು. ಹೊಸದಾಗಿ ಬಂದವರು ಮೊದಲ ದಿನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ವಾರ ಕಳೆಯುವುದರೊಳಗೆ ನಮ್ಮ ಹಾಗೇ ಅದನ್ನು ದಾಟಿಕೊಂಡು ಸಂತೆಗೆ ಹೋಗುತ್ತಾರೆ.

ಇಲ್ಲಿ ಯಾರದಾದರೂ ಎಮ್ಮೆ ತಪ್ಪಿಸಿಕೊಂಡರೆ ದಂಡೆಗೆ ಹೋಗಿ ಕೂಗಬೇಕು. ಆಚೆಯವರು ತಮ್ಮ ಮಣ್ಣು ನೋಡಿ ಅದು ಯಾವ ಕಡೆ ಹೋಗಿದೆ ಎಂದು ಕೂಗಿ ಹೇಳುತ್ತಾರೆ. ಈ ಕೂಗಾಟವನ್ನು ಎರಡೂ ಕಡೆಯ ಕಾವಲು ಸಿಪಾಯಿಗಳು ಕೇಳಿಸಿಕೊಳ್ಳದವರ ಹಾಗೆ ಇರುತ್ತಾರೆ, ಅವರ ಮನೆಗಳಲ್ಲೂ ಎಮ್ಮೆಗಳಿವೆ. ಪಂಚಾಯಿತಿ ಕಚೇರಿಯ ಮೆಟ್ಟಿಲಿಗೆ ಸಿಮೆಂಟ್ ಬಳಿದ ದಿನ ಆಚೆಯ ಯಾವುದೋ ಕೋಣ ಹಾದುಹೋಗಿ ಬಿಟ್ಟ ಗುರುತು ಇವತ್ತಿಗೂ ಹಾಗೇ ಇದೆ. ಪ್ರತಿ ಹೊಸ ಅಧ್ಯಕ್ಷರೂ ಅದನ್ನು ಒಡೆಸಿ ಸರಿ ಮಾಡಿಸುತ್ತೇನೆ ಎನ್ನುತ್ತಾರೆ, ಆಮೇಲೆ ಅದರ ಮೇಲೆಯೇ ಕಾಲಿಟ್ಟು ಒಳಗೆ ಹೋಗುತ್ತಾರೆ.

ನನ್ನ ಹೆಸರು ದುಂಡವ್ವ. ದನದ ಆಸ್ಪತ್ರೆಯಲ್ಲಿ ಹೆಜ್ಜೆ ಓದುವ ಕೆಲಸ. ಈ ಕೆಲಸ ನನಗೆ ಸಿಕ್ಕದ್ದು ಓದಿನಿಂದಲ್ಲ, ಇನ್ನೊಬ್ಬರ ಅಂಗಳದಲ್ಲಿ ಇಣುಕುವ ಚಾಳಿಯಿಂದ. ನಾನು ಬರುವುದು ಕಂಡರೆ ನೆರೆಮನೆಯ ಹೆಂಗಸರು ಪಾತ್ರೆಗೆ ಮುಚ್ಚಳ ಹಾಕುತ್ತಾರೆ, ಒಳಗೇನಿದೆ ಎಂದು ಕೇಳಿಬಿಡುತ್ತೇನೆಂಬ ಭಯ. ಕೇಳುತ್ತೇನೆ ಎನ್ನುವುದೂ ನಿಜವೇ. ದನದ ಬೇನೆಗಳು ಗಡಿ ದಾಟದಂತೆ ನೋಡಿಕೊಳ್ಳಬೇಕೆಂದು ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡಾಗ, ಇಲ್ಲೊಬ್ಬರು ಅಲ್ಲೊಬ್ಬರು ಹೆಜ್ಜೆ ಓದುವವರು ಬೇಕೆಂದಾಯಿತು. ಊರಿನವರೆಲ್ಲ ಒಂದೇ ಬಾಯಿಯಲ್ಲಿ ನನ್ನ ಹೆಸರು ಹೇಳಿದರು. ಹೊಗಳಿ ಹೇಳಿದರೋ ಸೇಡಿಗೆ ಹೇಳಿದರೋ ನಾನು ವಿಚಾರಿಸಲು ಹೋಗಲಿಲ್ಲ.

ಓದುವುದು ಇಷ್ಟೇ. ಬೇನೆ ಹತ್ತಿದ ದನ ಕುಂಟುವುದು ಕಣ್ಣಿಗೆ ಕಾಣುವ ಎರಡು ಮೂರು ದಿನ ಮೊದಲೇ ನೋಯುವ ಕಾಲಿನ ಭಾರವನ್ನು ಬೇರೆ ಕಾಲಿಗೆ ಸರಿಸುತ್ತದೆ. ಆ ಕಾಲಿನ ಗುರುತು ಮಣ್ಣಿನಲ್ಲಿ ಆಳವಾಗಿ ಕೂರುವುದಿಲ್ಲ. ಸಾಕಿದವರಿಗೆ ಅದು ತಿಳಿಯುವ ದಾರಿಯೇ ಇಲ್ಲ, ಅವರ ಮಣ್ಣಿನಲ್ಲಿ ಗುರುತು ಬೀಳುವುದಿಲ್ಲವಲ್ಲ. ತಿಳಿಯುವುದು ಆಚೆಯವರಿಗೆ ಮಾತ್ರ. ಹಾಗೆ ಕಂಡದ್ದನ್ನು ನಾನು ಹಳದಿ ಕಾಗದದಲ್ಲಿ ತುಂಬಿ ಡಾಕ್ಟರ್ ಮುಜಾವರ್ ಅವರ ಕೈಗೆ ಕೊಡಬೇಕು. ಅದು ಜಿಲ್ಲೆಗೆ ಹೋಗಿ, ರಾಜಧಾನಿಗೆ ಹೋಗಿ, ಅಲ್ಲಿಂದ ಆಚೆಯ ರಾಜಧಾನಿಗೆ, ಆಚೆಯ ಜಿಲ್ಲೆಗೆ ಇಳಿದು, ಇಪ್ಪತ್ತೆರಡನೆಯ ದಿನ ಆಚೆ ದಡದ ಆಸ್ಪತ್ರೆ ಮುಟ್ಟುತ್ತದೆ. ನಮ್ಮ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತರೆ ಆಚೆಯ ಡಾಕ್ಟರು ಬೆಳಿಗ್ಗೆ ಬಾಗಿಲ ಬೀಗ ತೆಗೆಯುವುದು ಕಾಣುತ್ತದೆ.

ನಮ್ಮ ಮನೆಯ ಅಂಗಳದಲ್ಲಿ ದಿನಾ ಒಂದೇ ಹಸುವಿನ ಹೆಜ್ಜೆ ಬೀಳುತ್ತಿತ್ತು, ನೇರ ಎದುರಿನ ಮನೆಯದು. ಹಿಂದಿನ ಎಡಗಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಇಡುತ್ತಿದ್ದುದರಿಂದ ನಾನು ಅದಕ್ಕೆ ಓರೆಗಾಲಿ ಎಂದು ಹೆಸರಿಟ್ಟಿದ್ದೆ. ಹನ್ನೊಂದು ವರ್ಷ ಅದರ ಹೆಜ್ಜೆ ನೋಡಿದ್ದೇನೆ. ಎಲ್ಲಿ ನಿಂತು ಮೈ ತಿಕ್ಕುತ್ತದೆ, ಯಾವ ದಿನ ಮೇಯಲು ಹೋಗಲು ಹಟ ಮಾಡುತ್ತದೆ, ಎಲ್ಲ ಗೊತ್ತು. ಆದರೆ ಆಚೆಯ ಮನೆಗಳು ಮಣ್ಣಿನ ಏರಿಯ ಹಿಂದಿವೆ, ಹೆಂಚು ಬಿಟ್ಟು ಬೇರೇನೂ ಕಾಣುವುದಿಲ್ಲ. ಹೀಗಾಗಿ ಓರೆಗಾಲಿಯ ಬಣ್ಣ ಯಾವುದೆಂದು ನನಗೆ ಗೊತ್ತಿರಲಿಲ್ಲ. ಇದೊಂದು ವಿಷಯ ನನ್ನನ್ನು ಎಷ್ಟು ಕಾಡುತ್ತಿತ್ತೆಂದರೆ ಊಟದ ನಡುವೆ ಕೈ ನಿಂತುಬಿಡುತ್ತಿತ್ತು. ಆ ಮನೆಯ ಹೆಂಗಸನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ದೂರದಿಂದ ಕಂಡಿದ್ದೆ. ತಾನೂಬಾಯಿ ಎಂದು ಯಾರೋ ಕರೆದದ್ದು ಕೇಳಿಸಿತ್ತು. ಅಷ್ಟೇ ಪರಿಚಯ.

ನಮ್ಮ ಹಸು ಕೆಂದಿ. ಅದರ ಹೆಜ್ಜೆ ತಾನೂಬಾಯಿಯ ಅಂಗಳದಲ್ಲಿ ಬೀಳುತ್ತದೆ. ಆ ವರ್ಷ ಕೆಂದಿ ಏಳು ತಿಂಗಳ ಗಬ್ಬ. ಹಿಂದಿನ ಎರಡು ಸಲ ಗಬ್ಬ ನಿಂತಿರಲಿಲ್ಲ. ಈ ಸಲವೂ ಕರು ಉಳಿಯದಿದ್ದರೆ ಇನ್ನು ಆಸೆ ಇಡಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನನ್ನ ಅತ್ತೆ ಬಾಳವ್ವ ಬೆಳಗಿನ ಮೊದಲ ರೊಟ್ಟಿಯನ್ನು ಮನೆಯವರಾರಿಗೂ ಕೊಡದೆ ಕೆಂದಿಗೇ ತಿನ್ನಿಸುತ್ತಿದ್ದರು. ಗಂಡನನ್ನು ಕಳೆದುಕೊಂಡ ಮೇಲೆ ನಾನೂ ಅತ್ತೆಯೂ ಜಗಳವಾಡದೆ ಮಾತಾಡುವ ಒಂದೇ ವಿಷಯ ಆ ಹಸುವಿನ ಹೊಟ್ಟೆಯಾಗಿತ್ತು.

ಸುಗ್ಗಿ ಮುಗಿದ ತಿಂಗಳಲ್ಲಿ ನನ್ನ ಹಳದಿ ಕಾಗದಗಳಲ್ಲಿ ದಿನಾ ಒಂದೇ ಮಾತು: ಕುಂಟು ಇಲ್ಲ. ಡಾಕ್ಟರ್ ಮುಜಾವರ್ ಕನ್ನಡಕ ಏರಿಸಿ ನೋಡಿ, "ದುಂಡವ್ವಾರ, ಆಚೆ ಕಡಿ ದನಾ ಇಷ್ಟು ಆರಾಮ ಇದ್ರ ನಮ್ಮಿಬ್ಬರನ್ನೂ ಮನಿಗೆ ಕಳಸ್ತಾರ ನೋಡ್ರಿ" ಎಂದು ನಕ್ಕರು. ನಾನೂ ನಕ್ಕೆ. ಆದರೆ ನನಗೊಂದು ಅನುಮಾನ ಹತ್ತಿತ್ತು. ಮೊದಲೆಲ್ಲ ನಾನು ಬೀದಿ ಸುತ್ತಿ ಬಂದ ಮೇಲೆ ಹೆಂಗಸರು ಅಂಗಳ ಸಾರಿಸುತ್ತಿದ್ದರು. ಈಗ ನಾನು ಹೋಗುವ ಹೊತ್ತಿಗೆ ಎಷ್ಟೋ ಅಂಗಳಗಳು ಸಗಣಿ ನೀರಿನಲ್ಲಿ ಮಿಂದು ತಯಾರಾಗಿರುತ್ತಿದ್ದವು. ಹಬ್ಬವಿಲ್ಲ, ಮದುವೆಯಿಲ್ಲ. ಇಷ್ಟು ಬೇಗ ಏಳುವ ಜನ ನಮ್ಮವರಲ್ಲ.

ನಮ್ಮ ಅಂಗಳವನ್ನು ನಾನು ಬೀದಿ ಸುತ್ತಿ ಬಂದು ಕೊನೆಗೆ ಓದುತ್ತಿದ್ದೆ. ಒಂದು ಬೆಳಿಗ್ಗೆ ಪೆನ್ಸಿಲ್ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಅತ್ತೆ ನಮ್ಮ ಅಂಗಳದಲ್ಲಿ ಬಗ್ಗಿ, ಪೊರಕೆಯಿಂದ ಗಸಗಸನೆ ತಿಕ್ಕುತ್ತಿದ್ದರು. ನನ್ನನ್ನು ಕಂಡು ಕೈ ಇನ್ನೂ ಜೋರಾಯಿತು.

"ಏನ್ ಮಾಡಾಕತ್ತೀರಿ ಅತ್ತಿ?"

"ಕಾಣೂದಿಲ್ಲೇನು? ಸಾರಸಾಕತ್ತೇನಿ."

"ನಾ ಓದೂಕಿಂತ ಮೊದಲ?"

"ಅದರಾಗ ಓದೂವಂಥಾದ್ದು ಏನೂ ಇಲ್ಲ. ನೀ ಊರ ಮಂದಿದು ಓದಿ ಬಾ, ಹೋಗು."

ಬಾಗಿಲ ಕಲ್ಲಿನ ಮಗ್ಗುಲಲ್ಲಿ ಪೊರಕೆ ಮುಟ್ಟದ ನಾಲ್ಕು ಗುರುತು ಉಳಿದಿದ್ದವು. ಕೂತು ಬೆರಳಿಟ್ಟು ನೋಡಿದೆ. ಮೂರು ಆಳ, ಒಂದು ತೇಲಿತ್ತು. ಓರೆಗಾಲಿಯ ಮುಂದಿನ ಬಲಗಾಲು. ನಾನು ತಲೆ ಎತ್ತಿದಾಗ ಅತ್ತೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು.

"ಮೂರು ದಿನ ಆತು," ಎಂದರು. "ಪಾಪ, ಅದಕ್ಕ ಕಾಲು ಊರಾಕ ಆಗವಲ್ದು. ಮಂದಿ ಮನಿ ಹಸು ಕುಂಟಿದ್ರ ನಾವು ಡಂಗುರಾ ಹೊಡೀಬೇಕೇನ? ನಮ್ಮತ್ತಿ ನನಗ ಕಲಿಸಿದ್ದು ಹಿಂಗ. ಹೆಜ್ಜಿ ಸಮ ಇದ್ರ ನೋಡು, ಕುಂಟಿದ್ರ ನೋಡಲಾರದ ಅಳಿಸು. ಆಚೆ ಮನಿಯಾಕಿನೂ ನಮ್ಮದು ಹಂಗ ಅಳಸ್ತಾಳ. ಅದು ಮರ್ಯಾದಿ."

ಹನ್ನೊಂದು ವರ್ಷ ಊರೆಲ್ಲ ಇಣುಕಿದ ನನಗೆ ನಮ್ಮ ಮನೆಯ ಈ ಮರ್ಯಾದೆ ಗೊತ್ತಿರಲಿಲ್ಲ. ಆಚೆಯಾಕಿ ನಮ್ಮದನ್ನು ಅಳಿಸುವುದು ನಿಜವಾದರೆ, ಕೆಂದಿಯ ಕಾಲಿನ ಸುದ್ದಿ ನಮಗೆ ಹೇಳುವವರು ಯಾರು?

ಮನೆಮನೆಗೆ ಹೋದೆ. ಒಂದು ಕಡೆ ಜಗಳ ತೆಗೆದೆ, ಇನ್ನೊಂದು ಕಡೆ ಅಳುಮೋರೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಮನೆಯವರು ಬಾಯಿ ಬಿಟ್ಟರು. ಎಲ್ಲರೂ ಅಳಿಸಿದ್ದರು, ಒಳ್ಳೆಯ ಮನಸ್ಸಿನಿಂದಲೇ ಅಳಿಸಿದ್ದರು. ಒಬ್ಬಾಕೆ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹೇಳಿದ್ರ ಅವರ ದನಾ ಒಯ್ತಾರಂತಲ್ಲ ಯವ್ವಾ. ಆ ಪಾಪ ನನಗ ಬ್ಯಾಡ" ಎಂದಳು.

ಡಾಕ್ಟರು ಕೇಳಿ ನಗಲಿಲ್ಲ. ಆಸ್ಪತ್ರೆಯ ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. "ಕಾಲುಬಾಯಿ ಬೇನಿ ಇರಬೇಕು. ಆಚೆ ಕಡಿ ಕಾನೂನು ಬ್ಯಾರೆ ದುಂಡವ್ವಾರ. ಮೊದಲ ಬೇನಿ ಹತ್ತಿದ ದನಾನ ಲಾರಿಯೊಳಗ ಒಯ್ದು ಹುಗೀತಾರ, ಉಳಿದದ್ದು ಉಳೀಲಿ ಅಂತ. ನಾವು ಬ್ಯಾರೆ ಕಟ್ಟಿ ನೋಡಿಕೋತೀವಿ. ಅದಕ್ಕ ಅವರು ಹೇಳಾಕ ಅಂಜತಾರ, ನಮ್ಮವರು ಅವರ ಸಲುವಾಗಿ ಅಂಜತಾರ."

"ಬೇನಿ ಹೊಳಿ ದಾಟತೈತೇನ್ರಿ?"

ಅವರು ಬೆರಳು ತೋರಿಸಿದರು. ಬೆಳ್ಳಕ್ಕಿಗಳು ಹೊಳೆಯ ಮೇಲೆ ಹಾರಿ ಬರುತ್ತಿದ್ದವು. ಬೆಳಿಗ್ಗೆ ಅಲ್ಲಿನ ದನಗಳ ಬೆನ್ನ ಮೇಲೆ, ಸಂಜೆ ನಮ್ಮ ದನಗಳ ಬೆನ್ನ ಮೇಲೆ ಕೂರುವ ಹಕ್ಕಿಗಳು. "ಗಾಳಿಗೂ ಹಕ್ಕಿಗೂ ಯಾರು ಪಾಸ್ ಕೇಳ್ತಾರ? ನೀವು ಕಾಗದ ಬರೀರಿ."

"ಇಪ್ಪತ್ತೆರಡು ದಿನಕ್ಕ ಹೋಗಿ ಮುಟ್ಟತೈತಿ. ನಮ್ಮ ಕೆಂದಿ ಗಬ್ಬ ಐತ್ರಿ."

ಡಾಕ್ಟರು ಆಚೆಯ ಆಸ್ಪತ್ರೆಯ ಬಾಗಿಲ ಕಡೆ ನೋಡಿದರು. "ನಾ ಸರ್ಕಾರಿ ಮನಷ್ಯಾ. ನಾ ಕೂಗಾಂಗಿಲ್ಲ. ನೀವು ಹೊಳಿಗೆ ಅರಬಿ ಒಗ್ಯಾಕ ಹೋದ್ರ ನಾ ಯಾಕ ಹೋದ್ರಿ ಅಂತ ಕೇಳಾಂಗಿಲ್ಲ."

ಮನೆಗೆ ಬಂದು ಒಗೆದಿಟ್ಟ ಬಟ್ಟೆಯನ್ನೇ ಮತ್ತೆ ಬುಟ್ಟಿಗೆ ಹಾಕಿಕೊಂಡು ಹೋದೆ. ಎರಡೂ ದಂಡೆಯಲ್ಲಿ ಹತ್ತಾರು ಹೆಂಗಸರಿದ್ದರು. ತಾನೂಬಾಯಿ ತನ್ನ ಕಲ್ಲಿನ ಮೇಲೆ ಕಂಬಳಿ ಬಡಿಯುತ್ತಿದ್ದಳು. ನಾನು ಬುಟ್ಟಿ ಇಳಿಸಿ ಕೂಗಿದೆ.

"ತಾನೂಬಾಯಿ ಅಕ್ಕಾ, ನಾ ಎದುರು ಮನಿ ದುಂಡವ್ವ."

"ಗೊತ್ತೈತಿ. ಹೆಜ್ಜಿ ಓದಾಕಿ."

"ನಿಮ್ಮ ಹಸುವಿನ ಮುಂದಿನ ಬಲಗಾಲು ಹಗುರ ಬೀಳಾಕತ್ತೈತಿ. ಇವತ್ತಿಗೆ ಮೂರು ದಿನ. ಬಾಯಿ ತೆಗೆದು ನೋಡ್ರಿ."

ಬಟ್ಟೆ ಬಡಿಯುವ ಸದ್ದು ಎರಡೂ ಕಡೆ ನಿಂತಿತು. ತಾನೂಬಾಯಿ ಕಂಬಳಿ ಹಿಂಡಿದಳು, ಮಡಚಿ ಹೆಗಲ ಮೇಲೆ ಹಾಕಿಕೊಂಡಳು, ಏರಿ ಹತ್ತಿ ಆಚೆ ಇಳಿದಳು. ನನ್ನ ಬೆನ್ನ ಹಿಂದೆ ಯಾರೋ ಥೂ ಎಂದರು. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಮನೆಯಲ್ಲಿ ಅತ್ತೆ ನನಗೆ ಬಡಿಸಲಿಲ್ಲ, ಪಾತ್ರೆಗಳನ್ನು ಮುಂದಿಟ್ಟು ಎದ್ದುಹೋದರು. ಸಂಜೆ ಕೆಂದಿಯ ಬಾಯಿ ಬಿಡಿಸಿ ನೋಡಿದೆ, ನಾಲಿಗೆ ಚೊಕ್ಕಟವಾಗಿತ್ತು. ಕಾಲು ಎತ್ತಿ ನೋಡಿದೆ, ಏನೂ ಕಾಣಲಿಲ್ಲ. ಅದು ನನ್ನ ತಲೆಯನ್ನು ನೆಕ್ಕಿತು.

ಮರುದಿನ ಬೆಳಿಗ್ಗೆ ತಾನೂಬಾಯಿ ಕಲ್ಲಿನ ಮೇಲೆ ಬರಿಗೈಯಲ್ಲಿ ನಿಂತಿದ್ದಳು. ನನಗಾಗಿಯೇ ಕಾದಿದ್ದಳು.

"ನಾಲಿಗಿ ಮ್ಯಾಲ ಗುಳ್ಳಿ ಅದಾವ," ಎಂದು ಕೂಗಿದಳು. "ಈಗ ನಮ್ಮ ಡಾಕ್ಟರಿಗೆ ಹೇಳಿ ಬಂದೆ. ಮಧ್ಯಾಹ್ನ ಲಾರಿ ಬರತೈತಿ."

ನಾನು ಸುಮ್ಮನಿದ್ದಿದ್ದರೆ ಅವಳಿಗೆ ಹಸು ಇನ್ನಷ್ಟು ದಿನ ಇರುತ್ತಿತ್ತು. ಅವಳೇ ಮುಂದುವರಿಸಿದಳು.

"ನಿನ್ನ ಹಸು ಗಬ್ಬ ಐತಿ, ಹೌದಲ್ಲ? ಹೆಜ್ಜಿ ಅಗಲ ಆಗ್ಯಾವ. ಅದರ ಹಿಂದಿನ ಎಡಗಾಲು ನೋಡಿಕೋ. ನಿನ್ನೆಯಿಂದ ಮಣ್ಣಿಗೆ ಕೂರವಲ್ದು." ಆಮೇಲೆ ದನಿ ಸ್ವಲ್ಪ ಇಳಿಯಿತು. "ನಿನ್ನೆ ನಾನೂ ಅಳಿಸಿದ್ದೆ ತಂಗಿ."

ನಾನು ಅಲ್ಲಿಂದ ಓಡಬೇಕಿತ್ತು. ಓಡಲಿಲ್ಲ. ನನ್ನ ಚಾಳಿ ಅಂಥ ಹೊತ್ತಿನಲ್ಲೂ ನನ್ನನ್ನು ಬಿಡಲಿಲ್ಲ.

"ಅಕ್ಕಾ, ನಿಮ್ಮ ಹಸು ಯಾವ ಬಣ್ಣ?"

"ಕಪ್ಪು. ಹಣಿ ಮ್ಯಾಲ ಬಿಳಿ ಬೊಟ್ಟು. ಹೆಸರು ಚಂದ್ರಿ."

"ನಾನು ಓರೆಗಾಲಿ ಅಂತಿದ್ದೆ."

"ಅದೂ ಸರಿನ ಐತಿ," ಎಂದು ಮುಖ ತಿರುಗಿಸಿಕೊಂಡಳು.

ನಾನು ಹೋಗಿ ಹೇಳಿದ್ದೇ ಡಾಕ್ಟರ್ ಮುಜಾವರ್ ಚಪ್ಪಲಿ ಮರೆತು ಓಡಿ ಬಂದರು. ಕೆಂದಿಯನ್ನು ಊರ ಹೊರಗಿನ ಹಳೆಯ ಕಣದ ಗುಡಿಸಿಲಿಗೆ ಒಯ್ದು ಒಂಟಿಯಾಗಿ ಕಟ್ಟಿದೆವು. ಮರುದಿನ ಗುಳ್ಳೆಗಳು ಕಾಣಿಸಿಕೊಂಡವು. ಆದರೆ ಅಷ್ಟರಲ್ಲಿ ಜ್ವರಕ್ಕೆ ಔಷಧಿ ಬಿದ್ದಿತ್ತು, ಬೇರೆ ದನಗಳ ಮೇವು ನೀರು ಬೇರೆಯಾಗಿತ್ತು. ಅಡುಗೆ ಸೋಡಾದ ನೀರಿನಲ್ಲಿ ಬಾಯಿ ತೊಳೆದು, ಅತ್ತೆ ತೆಳ್ಳಗೆ ಕಾಸಿದ ಜೋಳದ ಅಂಬಲಿಯನ್ನು ಅಂಗೈಯಲ್ಲಿ ಹಿಡಿದು ಕುಡಿಸಿದೆವು. ಅಂಬಲಿಯನ್ನು ಅತ್ತೆ ನಾನು ಕೇಳುವ ಮೊದಲೇ ಕಳಿಸುತ್ತಿದ್ದರು.

ಕೆಂದಿಯನ್ನು ಗುಡಿಸಿಲಿಗೆ ಒಯ್ದ ದಿನವೇ, ಲಾರಿ ಬಂದ ಮಧ್ಯಾಹ್ನ, ನಾನು ಬಟ್ಟೆ ಬದಲಿಸಲು ಮನೆಗೆ ಬಂದಿದ್ದೆ. ನಮ್ಮ ಅಂಗಳದಲ್ಲಿ ಓರೆಗಾಲಿಯ ಗುರುತುಗಳು ಒಂದೊಂದೇ ಮೂಡತೊಡಗಿದವು. ಕೊಟ್ಟಿಗೆಯ ಕಡೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ. ಅವು ಮೂಡಿದಂತೆಲ್ಲ ನಾನು ಹಿಂದೆ ನಡೆದೆ. ಅತ್ತೆಯೂ ಪೊರಕೆ ಹಿಡಿದುಕೊಂಡೇ ನನ್ನ ಹಿಂದೆ ಬಂದರು. ಹಿಟ್ಟಿನ ಗಿರಣಿಯ ಮುಂದೆ ಅದು ನಿಂತಿತು. ಅಲ್ಲೇ ನಾಲ್ಕು ಸಲ ಕಾಲು ಬದಲಿಸಿತು, ಆಚೆ ಲಾರಿ ಹತ್ತಲು ಒಲ್ಲೆ ಎಂದಿರಬೇಕು. ಆಮೇಲೆ ಮುಂದಿನ ಎರಡು ಗುರುತು ಬೀಳಲಿಲ್ಲ, ಹಿಂದಿನ ಎರಡು ಮಣ್ಣಿನಲ್ಲಿ ಆಳವಾಗಿ ಒತ್ತಿದವು. ಅದರಾಚೆ ಬರಿ ಧೂಳು. ಗಿರಣಿಗೆ ಜೋಳ ತಂದವರು ನಮ್ಮನ್ನು ನೋಡಿ ಸುತ್ತು ಹಾಕಿ ಹೋದರು.

"ನಾ ಮೊದಲನೇ ದಿನಾನ ನಿನಗ ಹೇಳಿದ್ರ ಅದನ್ನ ಒಯ್ತಿದ್ದಿಲ್ಲೇನ?" ಎಂದು ಅತ್ತೆ ಕೇಳಿದರು.

ನಾನು ಸುಳ್ಳು ಹೇಳಬಹುದಿತ್ತು. "ಒಯ್ತಿದ್ರು ಅತ್ತಿ. ಆದ್ರ ಕೆಂದಿಗೆ ಹತ್ತತಿದ್ದಿಲ್ಲೇನೋ."

ಅತ್ತೆ ಆ ಕೊನೆಯ ಎರಡು ಗುರುತಿನ ಮೇಲೆ ಗಿರಣಿಯ ಬಾಗಿಲಲ್ಲಿದ್ದ ಒಂದು ಖಾಲಿ ಬುಟ್ಟಿಯನ್ನು ಬೋರಲು ಹಾಕಿ, ಯಾರೂ ತೆಗೆಯಬಾರದೆಂದು ಗಿರಣಿಯವನಿಗೆ ತಾಕೀತು ಮಾಡಿ ಮನೆಗೆ ನಡೆದರು.

ಬುಟ್ಟಿಯ ಪದ್ಧತಿ ಶುರುವಾದದ್ದು ಅಲ್ಲಿಂದ. ಎರಡು ದಿನ ಬಿಟ್ಟು ಹೊಳೆಯ ನಡುವಿನ ಮರಳಿನ ದಿಬ್ಬದ ಮೇಲೆ ಎರಡೂ ಕಡೆಯ ಡಾಕ್ಟರುಗಳು ಕೂತರು. ಮೇಜು ಸರಿಯಾಗಿ ಗಡಿಯ ಮೇಲೆ ಬರಬೇಕೆಂದು ಸಿಪಾಯಿಗಳು ಟೇಪು ಹಿಡಿದು ಅಳೆದರು, ಅದರ ಎರಡು ಕಾಲು ಅವರಲ್ಲಿ, ಎರಡು ನಮ್ಮಲ್ಲಿ. ಅಲ್ಲಿ ಆದ ತೀರ್ಮಾನ ಚಿಕ್ಕದು. ಹಗುರ ಬಿದ್ದ ಹೆಜ್ಜೆಯನ್ನು ಯಾರೂ ಅಳಿಸಬಾರದು, ಬುಟ್ಟಿ ಮುಚ್ಚಿ ಇಡಬೇಕು. ಸುದ್ದಿಯನ್ನು ಅಂದೇ ಕೂಗಿ ಹೇಳಬೇಕು, ಕಾಗದ ತನ್ನ ಪಾಡಿಗೆ ತಾನು ಹೋಗಲಿ. ಲಸಿಕೆ ಎರಡೂ ಕಡೆ ಒಂದೇ ದಿನ. ಆಚೆಯ ಡಾಕ್ಟರು ಇನ್ನೊಂದು ಮಾತು ಸೇರಿಸಿದರು: ಇಷ್ಟು ಬೇಗ ಸುದ್ದಿ ಬಂದರೆ ಲಾರಿಯ ಬದಲು ಬೇರೆ ಕಟ್ಟಿದರೂ ಸಾಕೆಂದು ಮೇಲಿನವರಿಗೆ ಬರೆಯುತ್ತೇನೆ. ಬರೆದರು ಕೂಡ. ಓರೆಗಾಲಿಯ ಪಾಲಿಗೆ ಅದು ತಡವಾಗಿತ್ತು. ಆಚೆ ಒಂಬತ್ತು, ಇಲ್ಲಿ ಆರು ದನಗಳಿಗೆ ಬೇನೆ ಹತ್ತಿ ಅಷ್ಟಕ್ಕೇ ನಿಂತಿತು. ಸಂತೆಯಲ್ಲಿ ಮಾತ್ರ ತಿಂಗಳುಗಟ್ಟಲೆ ಬುಟ್ಟಿ ಸಿಗಲಿಲ್ಲ. ನನ್ನ ಹಳದಿ ಕಾಗದ ಇಪ್ಪತ್ತೆರಡನೆಯ ದಿನ ತಪ್ಪದೆ ತಲುಪಿತು. ಆಚೆಯ ಡಾಕ್ಟರು ಅದನ್ನು ತಮ್ಮ ಬಾಗಿಲಲ್ಲಿ ನಿಂತು ಮೇಲೆತ್ತಿ ಬೀಸಿದರು. ಡಾಕ್ಟರ್ ಮುಜಾವರ್ ಈ ಕಡೆಯಿಂದ ಸಲಾಮು ಮಾಡಿದರು.

ಕೆಂದಿ ಗುಣವಾಗಿ ಮನೆಗೆ ಬಂತು. ಈದದ್ದು ಒಂದು ಸೋಮವಾರ ಬೆಳಿಗ್ಗೆ. ಹೆಣ್ಣುಗರು, ತಾಯಿಯದೇ ಕೆಂಪು. ಒದ್ದೆ ಮೈಯಲ್ಲಿ ಎದ್ದು, ಬಿದ್ದು, ಮತ್ತೆ ಎದ್ದು ನಾಲ್ಕು ಹೆಜ್ಜೆ ಹಾಕಿತು. ನಾವಿಬ್ಬರೂ ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಾಗ ಹೊಳೆಯ ಕಡೆಯಿಂದ ಕೂಗು ಬಂತು.

"ದುಂಡವ್ವಾ, ಸಣ್ಣ ಹೆಜ್ಜಿ ಬಂದಾವ. ನಾಲ್ಕೂ ಸಮ ಅದಾವ."

ಹಸು ಇಲ್ಲದ ಹೆಂಗಸು, ಬೆಳಿಗ್ಗೆ ಎದ್ದು ನಮ್ಮ ಹಸುವಿನ ಕಾಲು ನೋಡಲು ತನ್ನ ಅಂಗಳಕ್ಕೆ ಬರುತ್ತಿದ್ದಳು.

ನಮ್ಮ ಅಂಗಳ ಖಾಲಿಯಾಗಿತ್ತು. ಅತ್ತೆ ದಿನಾ ಬೆಳಿಗ್ಗೆ ನೀರು ಚಿಮುಕಿಸಿ, ಮಣ್ಣು ಸಮ ಮಾಡಿ, ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದರು. ಮಧ್ಯಾಹ್ನವಾದರೂ ಅದು ಹಾಗೇ ಸಮವಾಗಿರುತ್ತಿತ್ತು. ಕರುವೇನೋ ಮನೆ ತುಂಬ ಓಡಾಡಿಕೊಂಡಿತ್ತು. ಬೆಳಿಗ್ಗೆ ಹೊಸ್ತಿಲ ಮುಂದೆ ನಾಲ್ಕೂ ಕಾಲು ಒಟ್ಟಿಗೆ ತಂದು ನಿಂತು, ಅತ್ತೆ ಮೊದಲ ರೊಟ್ಟಿ ಕೊಡುವ ತನಕ ಕದಲುತ್ತಿರಲಿಲ್ಲ. ಹೀಗೆ ಎಂಟು ತಿಂಗಳಾದ ಮೇಲೆ ಒಂದು ದಿನ ರೊಟ್ಟಿ ತಟ್ಟುತ್ತಾ ಅತ್ತೆ ತಾವಾಗಿಯೇ ಹೇಳಿದರು.

"ಕರಾ ಆಕಿಗೆ ಕೊಡೂಣು."

ಕೊಡುವುದು ಸುಲಭವಾಗಿರಲಿಲ್ಲ. ಎರಡು ದೇಶಗಳ ಆರು ಕಚೇರಿಗಳು ಒಂದು ಕರುವಿನ ಬಗ್ಗೆ ಪತ್ರ ಬರೆದುಕೊಂಡವು. ನಲವತ್ತು ದಿನ ಅದನ್ನು ಒಂಟಿಯಾಗಿ ಕಟ್ಟಿದೆವು, ಎರಡು ಸಲ ರಕ್ತ ತೆಗೆದರು, ಒಂದು ಕಿವಿಗೆ ನಮ್ಮ ಬಿಲ್ಲೆ, ಇನ್ನೊಂದಕ್ಕೆ ಅವರ ಬಿಲ್ಲೆ ಬಿತ್ತು. ಕೊನೆಗೆ ಮರಳಿನ ದಿಬ್ಬದ ಮೇಲೆ, ಇಬ್ಬರು ಡಾಕ್ಟರುಗಳ ಮುಂದೆ, ನಾನು ಹಗ್ಗವನ್ನು ತಾನೂಬಾಯಿಯ ಕೈಗೆ ಕೊಟ್ಟೆ. ಅವಳು ನಾನು ಅಂದುಕೊಂಡದ್ದಕ್ಕಿಂತ ಕುಳ್ಳಿ. ನನ್ನ ಮುಂಗೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು.

ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಕೂಗಿ ಎಬ್ಬಿಸಿದರು. ಅಂಗಳದ ತುಂಬ ಪುಟ್ಟ ಗೊರಸಿನ ಗುರುತು. ನಮ್ಮ ಕಣ್ಣ ಮುಂದೆಯೇ ಬೆಳೆದ ಕರುವಿನ ಹೆಜ್ಜೆಯನ್ನು ನಾವಿಬ್ಬರೂ ನೋಡಿದ್ದು ಅವತ್ತೇ ಮೊದಲು. ಕೂತು ಬೆರಳಿಟ್ಟು ಒಂದೊಂದನ್ನೂ ಓದಿದೆ. ನಾಲ್ಕೂ ಸಮವಾಗಿದ್ದವು. ಕೊನೆಯ ನಾಲ್ಕು ಗುರುತು ನಮ್ಮ ಹೊಸ್ತಿಲ ಮುಂದೆ ಒತ್ತೊತ್ತಾಗಿ ನಿಂತಿದ್ದವು, ಮುಂದೆ ಹೋಗಿರಲಿಲ್ಲ.

ಅತ್ತೆ ಒಳಗೆ ಹೋಗಿ ಬಿಸಿ ರೊಟ್ಟಿ ತಂದರು. ಆ ಗುರುತಿನ ಮುಂದೆ ರೊಟ್ಟಿ ಹಿಡಿದು ನಿಂತರು, ನಿಂತೇ ಇದ್ದರು. ಜೀವಮಾನದಲ್ಲಿ ಇನ್ನೊಬ್ಬರ ಮನೆಯ ಹೆಜ್ಜೆಯ ಬಗ್ಗೆ ತುಟಿ ಬಿಚ್ಚದ ಹೆಂಗಸು ಆಮೇಲೆ ದಂಡೆಯ ತನಕ ನಡೆದುಹೋಗಿ, ಎರಡೂ ದೇಶಕ್ಕೆ ಕೇಳುವ ಹಾಗೆ ಕೂಗಿದರು.

"ತಾನೂಬಾಯೀ, ಅದು ನಿನ್ನ ಬಾಗಲದಾಗ ನಿಂತೈತಿ. ಮೊದಲನೇ ರೊಟ್ಟಿ ಅದರದು, ಕೊಡವ್ವಾ."